ರೋಬೋ ಗ್ಲೌಸ್ ತರಿಸುವ ಮೊದಲು ಮಣಿಕಟ್ಟು ನೋಡಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ನನ್ನ ತಮ್ಮನಿಗೆ 29 ವರ್ಷ. ಹೋದ ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದವನು ಜಾರಿ ಬಿದ್ದ. ಕುತ್ತಿಗೆಗೆ ಆಪರೇಷನ್ ಆಗಿ ಪ್ಲೇಟ್ ಹಾಕಿದ್ದಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಸಿ6, ಕಂಪ್ಲೀಟ್’ ಎಂದು ಬರೆದಿದೆ. ಈಗ ಹತ್ತು ತಿಂಗಳು. ಕಾಲಿನಲ್ಲಿ ಚಲನೆ ಇಲ್ಲ. ಮೊಣಕೈ ಮಡಚುತ್ತಾನೆ, ಮಣಿಕಟ್ಟು ಮೇಲೆತ್ತುತ್ತಾನೆ, ಬೆರಳು ಮಾತ್ರ ಒಂದೂ ಆಡುವುದಿಲ್ಲ. ‘ಬಿಟ್ಟರೆ ಕೈ ಸೊಟ್ಟಗಾಗುತ್ತೆ’ ಎಂದು ಅಮ್ಮ ದಿನಾ ಎರಡು ಹೊತ್ತು ಕೊಬ್ಬರಿ ಎಣ್ಣೆ ಹಚ್ಚಿ ಬೆರಳುಗಳನ್ನು ಪೂರ್ತಿ ಬಿಡಿಸಿ ಹಿಂದಕ್ಕೆ ಒತ್ತುತ್ತಾರೆ. ಒಂದು ಸ್ಪಂಜಿನ ಚೆಂಡನ್ನೂ ಕೊಟ್ಟಿದ್ದೇವೆ, ಅದು ಕೈಯಿಂದ ಬಿದ್ದುಹೋಗುತ್ತದೆ. ವಾಟ್ಸಾಪಿನಲ್ಲಿ ಗಾಳಿ ತುಂಬಿದರೆ ಬೆರಳು ತಾನಾಗಿ ಮಡಚಿ ಬಿಡಿಸುವ ರೋಬೋ ಗ್ಲೌಸಿನ ವಿಡಿಯೊ ಬಂತು. ಬೆಂಗಳೂರಿನಲ್ಲಿರುವ ಭಾವ 18,000 ರೂಪಾಯಿ ಕೊಟ್ಟು ತರಿಸುತ್ತೇನೆ ಅನ್ನುತ್ತಾರೆ. ತರಿಸಬಹುದೇ? ಹಾಕಿದರೆ ಬೆರಳಿಗೆ ಶಕ್ತಿ ಬರುತ್ತದೆಯೇ? ಇಂಥವನ್ನೆಲ್ಲ ಹಾಕಿದರೆ ಕೈ ಸೋಮಾರಿಯಾಗುತ್ತದೆ ಎಂದು ಊರಲ್ಲಿ ಹೇಳುತ್ತಾರೆ, ಅದು ನಿಜವೇ? ಇನ್ನೊಂದು ಮಾತು, ಅವನಿಗೆ ನಾವು ತುತ್ತು ಕೊಡುವುದು ಇಷ್ಟವಿಲ್ಲ. ಚಮಚವೂ ಬೇಡವಂತೆ. ಕೈಯಲ್ಲೇ ಉಣ್ಣಬೇಕು ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಆ ಗ್ಲೌಸ್ ಸದ್ಯಕ್ಕೆ ತರಿಸಬೇಡಿ ಎಂದು ಭಾವನಿಗೆ ಇವತ್ತೇ ಫೋನ್ ಮಾಡಿ ಹೇಳಿ. ದುಡ್ಡನ್ನು ಹಾಗೇ ಎತ್ತಿಡಲಿ, ಅದಕ್ಕೊಂದು ಒಳ್ಳೆಯ ಖರ್ಚನ್ನು ಮುಂದೆ ಹೇಳುತ್ತೇನೆ. ಅಮ್ಮನಿಗೂ ಹೇಳಿ, ಬೆರಳುಗಳನ್ನು ಹಿಂದಕ್ಕೆ ಒತ್ತುವುದನ್ನು ಇವತ್ತಿನಿಂದಲೇ ನಿಲ್ಲಿಸಲಿ. ಎಣ್ಣೆ ಹಚ್ಚುವುದಕ್ಕೆ ನನ್ನ ತಕರಾರಿಲ್ಲ. ತಪ್ಪಿದ್ದರೆ ಅದು ಅವರದಲ್ಲ, ಡಿಸ್ಚಾರ್ಜ್ ದಿನ ಕೂರಿಸಿಕೊಂಡು ವಿವರಿಸದ ನಮ್ಮಂಥವರದು. ಹಾಗಾಗಿ ಅವರನ್ನು ದೂರಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಗ್ಲೌಸ್ ಅಲ್ಲ, ‘ಮಣಿಕಟ್ಟು ಮೇಲೆತ್ತುತ್ತಾನೆ’ ಎಂಬ ಎರಡು ಶಬ್ದ. ನೀವು ಅದನ್ನು ಹಾಗೇ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಇಂಥ ಕೈಗಳ ಜೊತೆಯಲ್ಲೇ ಕೆಲಸ ಮಾಡಿದವಳಿಗೆ ಇಡೀ ಪತ್ರದಲ್ಲಿ ದೊಡ್ಡ ಸುದ್ದಿ ಅದೇ.

ಮೊದಲು ಆ ಚೀಟಿಯ ಭಾಷೆ. ಬೆನ್ನುಹುರಿಯಿಂದ ಕುತ್ತಿಗೆಯ ಭಾಗದಲ್ಲಿ ಹೊರಡುವ ನರಗಳು ಮೇಲಿಂದ ಕೆಳಕ್ಕೆ ಒಂದೊಂದು ಕೆಲಸ ಹಂಚಿಕೊಂಡಿವೆ. ಸಿ5 ಮೊಣಕೈ ಮಡಚುತ್ತದೆ. ಸಿ6 ಮಣಿಕಟ್ಟನ್ನು ಮೇಲೆತ್ತುತ್ತದೆ. ಸಿ7 ಮೊಣಕೈ ನೀಡುತ್ತದೆ. ಸಿ8 ಬೆರಳು ಮಡಚುತ್ತದೆ. ಎದೆಯ ಭಾಗದ ಮೊದಲ ನರ ಬೆರಳುಗಳನ್ನು ಅಗಲಿಸುತ್ತದೆ. ‘ಸಿ6’ ಎಂದು ಬರೆದರೆ ಅಲ್ಲಿಯವರೆಗಿನದು ಉಳಿದಿದೆ, ‘ಕಂಪ್ಲೀಟ್’ ಎಂದರೆ ಅದರ ಕೆಳಗಿನದಕ್ಕೆ ಮಿದುಳಿನ ಅಪ್ಪಣೆ ತಲುಪುತ್ತಲೇ ಇಲ್ಲ ಎಂದರ್ಥ. ನಿಮ್ಮ ತಮ್ಮನ ಬೆರಳುಗಳು ದುರ್ಬಲವಾಗಿಲ್ಲ, ಅವಕ್ಕೆ ಸುದ್ದಿಯೇ ಹೋಗುತ್ತಿಲ್ಲ. ಸ್ಪಂಜಿನ ಚೆಂಡು ಬಿದ್ದುಹೋಗುವುದು ಅದಕ್ಕೇ. ಚೆಂಡು ಹಿಸುಕುವ ವ್ಯಾಯಾಮ ಅಲ್ಪಸ್ವಲ್ಪವಾದರೂ ಅಪ್ಪಣೆ ತಲುಪುವ ಕೈಗೆ. ತಲುಪದ ಕೈಗೆ ಕೊಟ್ಟರೆ ದಿನಾ ಒಂದು ಸಲ ಸೋತ ಹಾಗೆ. ಆ ಚೆಂಡನ್ನು ಮನೆಯ ಮಕ್ಕಳಿಗೆ ಕೊಟ್ಟುಬಿಡಿ.

ಇನ್ನು ನಮ್ಮ ಮಾತಿನ ಒಂದು ತೊಡಕು. ಅಪ್ಪಣೆ ಒಯ್ಯುವ ತಂತಿಗೂ ‘ನರ’ ಅನ್ನುತ್ತೇವೆ, ಸ್ನಾಯುವನ್ನು ಮೂಳೆಗೆ ಕಟ್ಟಿದ ಹಗ್ಗಕ್ಕೂ ‘ನರ’ ಅನ್ನುತ್ತೇವೆ. ಮುಷ್ಟಿ ಹಿಡಿದಾಗ ಮಣಿಕಟ್ಟಿನ ಒಳಬದಿಯಲ್ಲಿ ಎದ್ದು ಕಾಣುತ್ತದಲ್ಲ, ಅದು ಹಗ್ಗ, ಸ್ನಾಯುರಜ್ಜು. ನಿಮ್ಮ ತಮ್ಮನಿಗೆ ಪೆಟ್ಟಾಗಿರುವುದು ತಂತಿಗೆ. ಹಗ್ಗ ಹಾಗೇ ಗಟ್ಟಿಯಾಗಿದೆ. ‘ನರ ಹೋಗಿದೆ, ಇನ್ನೇನಿದೆ’ ಎಂದು ಕೈಬಿಡುವವರೂ, ‘ನರ ಬಿಗಿಯಾಗಿದೆ, ಎಳೆದು ಸಡಿಲ ಮಾಡಬೇಕು’ ಎಂದು ಜಗ್ಗುವವರೂ ಈ ಎರಡನ್ನು ಒಂದೇ ಅಂದುಕೊಂಡು ಎಡವುತ್ತಾರೆ.

ಈಗ ನೀವೇ ಒಂದು ಪರೀಕ್ಷೆ ಮಾಡಿ ನೋಡಿ. ಮೊಣಕೈಯನ್ನು ಮೇಜಿನ ಮೇಲೂರಿ, ಬೆರಳುಗಳನ್ನು ಪೂರ್ತಿ ಸಡಿಲ ಬಿಟ್ಟು, ಮಣಿಕಟ್ಟನ್ನು ಜೋತುಬೀಳಲು ಬಿಡಿ. ಬೆರಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಬೆರಳಿಗೆ ಏನೂ ಹೇಳದೆ ಮಣಿಕಟ್ಟನ್ನು ಮಾತ್ರ ನಿಧಾನ ಮೇಲಕ್ಕೆತ್ತಿ. ಬೆರಳು ಒಳಕ್ಕೆ ಮಡಚಿಕೊಂಡು ಹೆಬ್ಬೆರಳು ತೋರುಬೆರಳಿನ ಪಕ್ಕೆಗೆ ಬಂದು ತಾಗುತ್ತದೆ. ಬೆರಳು ಮಡಚುವ ಹಗ್ಗಗಳು ಮಣಿಕಟ್ಟಿನ ಮುಂದುಗಡೆಯಿಂದ ಹಾದುಹೋಗಿವೆ. ಮಣಿಕಟ್ಟು ಹಿಂದಕ್ಕೆ ಬಾಗಿದಾಗ ಅವುಗಳಿಗೆ ಉದ್ದ ಸಾಲದೆ ಬೆರಳನ್ನು ಎಳೆದುಕೊಳ್ಳುತ್ತವೆ. ಇದಕ್ಕೆ ಟೆನೊಡೆಸಿಸ್ ಹಿಡಿತ ಎನ್ನುತ್ತಾರೆ. ಬೆರಳಿನ ಒಂದು ಸ್ನಾಯುವೂ ಕೆಲಸ ಮಾಡದ ಕೈಯಲ್ಲಿ ಮಣಿಕಟ್ಟೊಂದರ ಬಲದಿಂದ ಹುಟ್ಟುವ ಹಿಡಿತ ಇದು. ಸಿ6 ಮಟ್ಟದವರು ಇದರಿಂದಲೇ ಹಾಳೆ ಎತ್ತುತ್ತಾರೆ, ಹಲ್ಲುಜ್ಜುತ್ತಾರೆ, ಎಟಿಎಂ ಕಾರ್ಡ್ ತೂರಿಸುತ್ತಾರೆ. ಕೆಲವರು ಮೂತ್ರದ ನಳಿಕೆಯಾದ ಕ್ಯಾಥೆಟರನ್ನೂ ತಾವೇ ಹಾಕಿಕೊಳ್ಳುವಷ್ಟು ಪಳಗುತ್ತಾರೆ.

ಆದರೆ ಆ ಹಗ್ಗ ಸ್ವಲ್ಪ ಗಿಡ್ಡವಾಗಿರಬೇಕು. ಸೂತ್ರದ ಗೊಂಬೆಯ ದಾರ ಜೋಲು ಬಿದ್ದಿದ್ದರೆ ಆಡಿಸುವವನು ಎಷ್ಟು ಎಳೆದರೂ ಗೊಂಬೆಯ ಕೈ ಏಳುವುದಿಲ್ಲ. ಅಮ್ಮ ಮಣಿಕಟ್ಟನ್ನೂ ಬೆರಳನ್ನೂ ಒಟ್ಟಿಗೇ ಹಿಂದಕ್ಕೆ ಒತ್ತಿದಾಗ ಆಗುವುದು ಅದೇ, ದಾರ ಜೋಲು ಬೀಳುತ್ತದೆ. ಕೈ ನೋಡಲು ನೆಟ್ಟಗೆ, ಚೆಂದವಾಗಿ ಇರುತ್ತದೆ. ಮಣಿಕಟ್ಟೆತ್ತಿದರೆ ಬೆರಳು ಮಡಚುವುದಿಲ್ಲ. ಸುಂದರವಾದ, ಏನೂ ಹಿಡಿಯದ ಕೈ. ಇಂಥ ಕೈಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಒಂದೊಂದರ ಹಿಂದೆಯೂ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದ ಒಬ್ಬ ತಾಯಿಯೋ ಹೆಂಡತಿಯೋ ಇದ್ದರು.

ಹಾಗಂತ ಬೆರಳನ್ನು ಮುಟ್ಟಲೇಬಾರದು ಎಂದಲ್ಲ. ಕೀಲು ಸೆಟೆದುಕೊಂಡರೆ ಅದೂ ಕಷ್ಟ. ಮುಷ್ಟಿ ಬಿಗಿದು ಅಂಗೈಯೊಳಗೆ ಬೆವರು, ಹುಣ್ಣು. ಮಾಡುವ ಕ್ರಮ ಬೇರೆ, ಅಷ್ಟೆ. ಬೆರಳು ಬಿಡಿಸುವಾಗ ಮಣಿಕಟ್ಟು ಕೆಳಕ್ಕೆ ಬಾಗಿರಬೇಕು. ಬೆರಳು ಮಡಚಿಸುವಾಗ ಮಣಿಕಟ್ಟು ಮೇಲಕ್ಕೆ ಎದ್ದಿರಬೇಕು. ಎರಡನ್ನೂ ಒಟ್ಟಿಗೇ ಎಳೆಯುವ ಹಾಗಿಲ್ಲ. ಇದನ್ನು ಒಂದು ಚೀಟಿಯಲ್ಲಿ ಬರೆದು ಮಂಚದ ಹತ್ತಿರ ಗೋಡೆಗೆ ಅಂಟಿಸಿ, ಯಾಕೆಂದರೆ ನಾಳೆ ನೋಡಿಕೊಳ್ಳಲು ಬರುವ ಅತ್ತೆಗೋ ಹೊಸ ಫಿಸಿಯೋಗೋ ಇದು ಗೊತ್ತಿರಲಿಕ್ಕಿಲ್ಲ. ಇನ್ನೊಂದು, ಇದನ್ನು ಬಹಳ ಜನ ಮರೆಯುತ್ತಾರೆ: ಹಾಸಿಗೆಯಿಂದ ಗಾಲಿಕುರ್ಚಿಗೆ ಸರಿಯುವಾಗ ನಿಮ್ಮ ತಮ್ಮ ಕೈಯೂರುತ್ತಾರಲ್ಲ, ಆಗ ಅಂಗೈ ಹರಡಿ ಊರಬಾರದು. ಬೆರಳು ಒಳಕ್ಕೆ ಮಡಚಿಕೊಂಡಿರಬೇಕು. ಮೈಭಾರವೆಲ್ಲ ಹರಡಿದ ಅಂಗೈ ಮೇಲೆ ಬಿದ್ದರೆ, ಅಮ್ಮ ಬಿಟ್ಟ ಜಗ್ಗಾಟವನ್ನು ಹಾಸಿಗೆಯೇ ಮುಂದುವರಿಸಿದ ಹಾಗಾಯಿತು.

ಈಗಾಗಲೇ ಜೋಲು ಬಿದ್ದಿದ್ದರೆ? ಪೂರ್ತಿ ಹೋಯಿತು ಎಂದುಕೊಳ್ಳಬೇಡಿ. ಬೆರಳುಗಳನ್ನು ಮಡಚಿದ ಸ್ಥಿತಿಯಲ್ಲಿ, ಹೆಬ್ಬೆರಳನ್ನು ತೋರುಬೆರಳಿನ ಪಕ್ಕಕ್ಕೆ ತಂದು, ಟೇಪ್ ಅಥವಾ ಮೆತ್ತನೆಯ ಕೈಚೀಲದಂಥ ಗವಸಿನಿಂದ ಕೆಲವು ವಾರ ರಾತ್ರಿ ಹೊತ್ತು ಹಿಡಿದಿಟ್ಟರೆ ಎಷ್ಟೋ ಕೈಗಳಲ್ಲಿ ಬಿಗಿ ಸ್ವಲ್ಪ ಸ್ವಲ್ಪವಾಗಿ ಮರಳುತ್ತದೆ. ಇದನ್ನು ಮಾತ್ರ ಥೆರಪಿಸ್ಟ್ ಕೈ ನೋಡಿಯೇ ಶುರುಮಾಡಬೇಕು. ಎಷ್ಟು ಬಿಗಿ ಸಾಕು ಎನ್ನುವುದರಲ್ಲಿ ನಮ್ಮಲ್ಲೇ ಒಂದು ಮಾತಿಲ್ಲ. ಅತಿಯಾದರೆ ಬೆರಳು ಬಿಚ್ಚದ ಕೊಕ್ಕೆಯಾಗುತ್ತದೆ. ನಾನು ನೋಡುವ ಅಳತೆ ಸರಳ: ಮಣಿಕಟ್ಟು ಜೋತುಬಿಟ್ಟಾಗ ಒಂದು ಲೋಟ ಹಿಡಿಸುವಷ್ಟು ಬೆರಳು ಬಿಚ್ಚಬೇಕು, ಎತ್ತಿದಾಗ ಒಂದು ಹಾಳೆ ನಿಲ್ಲುವಷ್ಟು ಮುಚ್ಚಬೇಕು.

ವಿಡಿಯೊದ ಆ ಗ್ಲೌಸ್ ನಿಮ್ಮ ತಮ್ಮನಿಗೆ ಯಾಕೆ ಬೇಡ ಎನ್ನುವುದು ಇಷ್ಟು ಹೊತ್ತಿಗೆ ನಿಮಗೇ ಹೊಳೆದಿರಬೇಕು. ಅದು ಒಂದು ಪೆಟ್ಟಿಗೆಯಿಂದ ಪೈಪಿನಲ್ಲಿ ಗಾಳಿ ತಳ್ಳಿ ಬೆರಳುಗಳನ್ನು ಪೂರ್ತಿ ಮಡಚಿ ಪೂರ್ತಿ ಬಿಡಿಸುತ್ತದೆ. ಮಣಿಕಟ್ಟು ಹೇಗಿದೆ ಎಂದು ಅದಕ್ಕೆ ಗೊತ್ತಿಲ್ಲ. ಅಂದರೆ ಅಮ್ಮ ಎರಡು ಹೊತ್ತು ಮಾಡುತ್ತಿದ್ದುದನ್ನು ಇದು ಗಂಟೆಗೆ ನೂರಾರು ಸಲ, ದಣಿವಿಲ್ಲದೆ ಮಾಡುತ್ತದೆ. ಆ ಯಂತ್ರ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಸ್ಟ್ರೋಕ್ ಆಗಿ ಒಂದು ಬದಿ ಬಿದ್ದವರಿಗೆ, ಬೆರಳಿಗೆ ಅಪ್ಪಣೆ ಮರಳುತ್ತಿರುವ ಹೊತ್ತಿನಲ್ಲಿ, ಅವರೂ ಮನಸ್ಸಿಟ್ಟು ಪ್ರಯತ್ನಿಸುತ್ತಾ ವ್ಯಾಯಾಮ ಮಾಡಲು ಒಂದು ಸಹಾಯ. ಆದರೆ ಅದು ವ್ಯಾಯಾಮದ ಸಾಮಾನು, ಹಿಡಿಯುವ ಸಾಮಾನಲ್ಲ. ಬೆರಳ ಬೆನ್ನ ಮೇಲೆ ದಪ್ಪ ಕೊಳವೆ, ಸೊಂಟದ ಪಕ್ಕ ಪೆಟ್ಟಿಗೆ ಇಟ್ಟುಕೊಂಡು ಯಾರೂ ಊಟ ಮಾಡಿದ್ದನ್ನು ನಾನು ಕಂಡಿಲ್ಲ. ನಿಮ್ಮ ತಮ್ಮನ ಬೆರಳಿಗೆ ಅದು ಶಕ್ತಿ ತರುವುದಿಲ್ಲ. ತುಂಡಾದ ದಾರಿಯನ್ನು ಬೆರಳು ಅಲ್ಲಾಡಿಸಿ ಕೂಡಿಸಲಾಗದು.

ಗಾಳಿಯಿಂದ ಕೈ ಆಡಿಸುವ ಉಪಾಯ ಹೊಸದೂ ಅಲ್ಲ. 1950ರ ದಶಕದಲ್ಲಿ ಅಮೆರಿಕದ ಲಾಸ್ ಅಲಮೋಸ್‌ನ ಭೌತವಿಜ್ಞಾನಿ ಜೋಸೆಫ್ ಮೆಕಿಬನ್, ಪೋಲಿಯೊದಿಂದ ಕೈ ಸ್ವಾಧೀನ ತಪ್ಪಿದ ತಮ್ಮ ಮಗಳಿಗಾಗಿ ಒಂದು ಕೃತಕ ಸ್ನಾಯು ಕಟ್ಟಿದರು. ರಬ್ಬರ್ ನಳಿಕೆಯ ಸುತ್ತ ಹೆಣೆದ ಬಲೆ, ಗಾಳಿ ತುಂಬಿದರೆ ಉಬ್ಬಿ ಗಿಡ್ಡವಾಗುತ್ತದೆ, ಬೆರಳನ್ನು ಎಳೆಯುತ್ತದೆ. ಇವತ್ತಿಗೂ ಮೃದು ರೋಬೋಟುಗಳ ಮೇಲೆ ಕೆಲಸ ಮಾಡುವವರು ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಮಕ್ಕಳ ಕೈಗಾಗಿ ಅಪ್ಪ ಅಮ್ಮ ಪಡುವ ಪಾಡು ಎಲ್ಲ ಕಡೆಯೂ ಒಂದೇ.

ಹಾಗಾದರೆ ನಿಜಕ್ಕೂ ಹಿಡಿತ ಕೊಡುವ ಗ್ಲೌಸ್ ಇಲ್ಲವೇ ಎಂದು ಕೇಳುತ್ತೀರಿ. ಇವೆ. ಅಮೆರಿಕದ ನಾಸಾ ಮತ್ತು ಜನರಲ್ ಮೋಟಾರ್ಸ್ ಸೇರಿ ಬಾಹ್ಯಾಕಾಶದ ರೋಬೋಟಿಗಾಗಿ ಮಾಡಿದ ಕೈಯ ತಂತ್ರಜ್ಞಾನವನ್ನು 2016ರಲ್ಲಿ ಸ್ವೀಡನ್ನಿನ ಬಯೋಸರ್ವೋ ಕಂಪನಿ ಪಡೆದುಕೊಂಡಿತು. ಆ ಕಂಪನಿಯ ಕಾರ್ಬನ್‌ಹ್ಯಾಂಡ್ ಎಂಬ ಗವಸಿನಲ್ಲಿ ಬೆರಳ ತುದಿಗೆ ಸಂವೇದಕ, ಒಳಗೆ ಕೃತಕ ಹಗ್ಗ, ಸೊಂಟಕ್ಕೆ ಮೋಟಾರು. ನೀವು ಸ್ವಲ್ಪ ಒತ್ತಿದರೆ ಅದು ಹೆಚ್ಚು ಒತ್ತುತ್ತದೆ. ಇಲ್ಲಿ ‘ನೀವು ಸ್ವಲ್ಪ ಒತ್ತಿದರೆ’ ಎಂಬುದೇ ಗಂಟು. ಹಿಡಿತ ಕುಗ್ಗಿದವರಿಗೆ ಅದು ಸೊಗಸಾದ ಸಾಧನ. ಬೆರಳು ಸ್ವಂತಕ್ಕೆ ಒತ್ತದವರಿಗೆ ಅದಕ್ಕೆ ಅಪ್ಪಣೆ ಕೊಡುವುದೇ ಕಷ್ಟ. ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿ ನಡೆಸುವ ಮೋಟಾರು ಗವಸುಗಳೂ ಇವೆ, ನಿಮ್ಮ ತಮ್ಮನಿಗೆ ಎರಡೂ ಕೈ ಒಂದೇ ಸ್ಥಿತಿಯಲ್ಲಿವೆ. ಹೊರದೇಶದಿಂದ ಬರುವ ಇಂಥವುಗಳ ಬೆಲೆ ಲಕ್ಷಗಳಲ್ಲಿ. ಕೆಟ್ಟರೆ ರಿಪೇರಿಗೆ ಎಲ್ಲಿಗೆ ಕಳಿಸುತ್ತೀರಿ?

ಒಂದು ತಪ್ಪು ನಾನೇ ಮಾಡಿದ್ದೇನೆ. ಎಷ್ಟೋ ವರ್ಷದ ಹಿಂದೆ ಒಂದು ಪ್ರದರ್ಶನದಲ್ಲಿ ಮೋಟಾರು ಗವಸು ನೋಡಿ ಮರುಳಾಗಿ ಒಬ್ಬ ಹುಡುಗನಿಗೆ ಕೊಳ್ಳಿ ಎಂದು ಹೇಳಿದೆ. ಮನೆಯವರು ಸಾಲ ಮಾಡಿ ತರಿಸಿದರು. ಒಂದು ವರ್ಷದ ನಂತರ ಅವರ ಮನೆಗೆ ಹೋದಾಗ ಅದು ಡಬ್ಬಿ ಸಮೇತ ಬೀರುವಿನ ಮೇಲಿತ್ತು. ಆಡದ ಐದು ಬೆರಳನ್ನು ಐದು ಗೂಡಿನೊಳಗೆ ತೂರಿಸಲು ಅಮ್ಮನಿಗೆ ಹದಿನೈದು ನಿಮಿಷ ಬೇಕಿತ್ತು. ಬೆವರಿಗೆ ಒಳಗೆಲ್ಲ ಅಂಟು. ಆ ಹೊತ್ತಿನಲ್ಲಿ ಅಮ್ಮ ತುತ್ತು ಕೊಟ್ಟೇ ಮುಗಿಸುತ್ತಿದ್ದರು. ಅಂದಿನಿಂದ ಯಾವ ಸಾಧನ ಬಂದರೂ ನನ್ನ ಮೊದಲ ಪ್ರಶ್ನೆ ಇದೊಂದೇ: ಇದನ್ನು ಅವರೇ ಹಾಕಿಕೊಂಡು ಅವರೇ ತೆಗೆಯಬಲ್ಲರೇ?

ಆ ಪ್ರಶ್ನೆಗೆ ‘ಹೌದು’ ಅನ್ನಿಸುವ ಸಾಧನ ಅಂಗೈ ಪಟ್ಟಿ. ಅಂಗೈ ಸುತ್ತ ಒಂದು ಪಟ್ಟಿ, ಒಳಬದಿಗೆ ಒಂದು ಪುಟ್ಟ ಜೇಬು, ಹಿಂದೆ ವೆಲ್ಕ್ರೋ. ಜೇಬಿಗೆ ಚಮಚ, ಬ್ರಷ್, ಪೆನ್ನು, ಫೋನ್ ಒತ್ತುವ ಕಡ್ಡಿ, ಶೇವಿಂಗ್ ರೇಜರ್, ಏನು ಬೇಕಾದರೂ ತೂರಿಸಿ. ನಮ್ಮವರು ಇದನ್ನು ಯುನಿವರ್ಸಲ್ ಕಫ್ ಅನ್ನುತ್ತಾರೆ. ಚರ್ಮದ ಅಥವಾ ದಪ್ಪ ಬಟ್ಟೆಯ ತುಂಡು ಕೊಟ್ಟರೆ ನಿಮ್ಮೂರಿನ ಟೈಲರೇ ಹೊಲಿಯುತ್ತಾರೆ, ಚಪ್ಪಲಿ ಹೊಲಿಯುವವರು ಇನ್ನೂ ಗಟ್ಟಿಯಾಗಿ ಹೊಲಿಯುತ್ತಾರೆ. ವೆಲ್ಕ್ರೋ ತುದಿಗೆ ಹೆಬ್ಬೆರಳು ತೂರುವಷ್ಟು ದೊಡ್ಡ ಬಳೆಯಂಥ ಕುಣಿಕೆ ಹಾಕಿಸಿ, ಆಗ ಹಲ್ಲಿನಿಂದಲೋ ಇನ್ನೊಂದು ಹೆಬ್ಬೆರಳಿನಿಂದಲೋ ತಾವೇ ಎಳೆದು ಕಟ್ಟಬಹುದು. ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಮಾಡಿಕೊಳ್ಳುವ ಸೌಲಭ್ಯವನ್ನೂ ತೋರಿಸಿಕೊಡಿ, ಅರ್ಧ ದಿನದ ಬೇಸರ ಅಲ್ಲೇ ಕಳೆಯುತ್ತದೆ.

ಇನ್ನೊಂದು, ಹೆಬ್ಬೆರಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಪುಟ್ಟ ಸ್ಪ್ಲಿಂಟ್. ಮಣಿಕಟ್ಟೆತ್ತಿದಾಗ ಹೆಬ್ಬೆರಳು ತೋರುಬೆರಳಿನ ಪಕ್ಕೆಗೆ ಬರದೆ ಅಂಗೈಯ ಅಡಿಗೆ ನುಸುಳಿದರೆ ಹಿಡಿತ ಬೀಳುವುದಿಲ್ಲ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯಿಂದ ಥೆರಪಿಸ್ಟ್ ಅದನ್ನು ಕೂತಲ್ಲೇ ಮಾಡಿಕೊಡುತ್ತಾರೆ. ಬಿಸಿಯಲ್ಲಿ ಮೆತ್ತಗಾಗುವುದು ಎಂದೆನಲ್ಲ, ಆದ್ದರಿಂದ ಒಲೆಯ ಪಕ್ಕ, ಬಚ್ಚಲ ಹಂಡೆಯ ಅಂಚಿನ ಮೇಲೆ ಇಡಬೇಡಿ. ನನ್ನ ಕೈಯ ಎಷ್ಟೋ ಸ್ಪ್ಲಿಂಟುಗಳು ಮಲೆನಾಡಿನ ಬಚ್ಚಲುಮನೆಗಳಲ್ಲಿ ಹಪ್ಪಳವಾಗಿ ವಾಪಸ್ ಬಂದಿವೆ.

ಇದಕ್ಕಿಂತ ಬಲ ಬೇಕಾದರೆ ಮಣಿಕಟ್ಟಿನಿಂದ ನಡೆಯುವ ಕೀಲು ಸ್ಪ್ಲಿಂಟ್ ಇದೆ. ಲೋಹದ ಸರಳು, ಎರಡು ಕೀಲು. ಮಣಿಕಟ್ಟೆತ್ತಿದರೆ ಸರಳು ತಳ್ಳಿ ತೋರುಬೆರಳು, ನಡುಬೆರಳನ್ನು ಹೆಬ್ಬೆರಳಿಗೆ ಒತ್ತುತ್ತದೆ. ಬ್ಯಾಟರಿ ಇಲ್ಲ, ಮೋಟಾರು ಇಲ್ಲ. ಅದೂ ಪೋಲಿಯೊ ಕಾಲದ್ದೇ. ಮಣಿಕಟ್ಟಿನ ಬಲವನ್ನು ನಾವು ಸೊನ್ನೆಯಿಂದ ಐದರವರೆಗೆ ಅಳೆಯುತ್ತೇವೆ. ಬರೀ ಕೈಯನ್ನು ಭೂಮಿಯ ಸೆಳೆತಕ್ಕೆ ಎದುರಾಗಿ ಎತ್ತಿದರೆ 3. ಈ ಸ್ಪ್ಲಿಂಟಿಗೆ ಅದಕ್ಕಿಂತ ಹೆಚ್ಚು ಬೇಕು, ನಿಮ್ಮ ಕೈಯ ಒತ್ತಡವನ್ನು ಸ್ವಲ್ಪವಾದರೂ ತಡೆದು ಎತ್ತಬೇಕು. ನಮ್ಮಲ್ಲಿ ಇದನ್ನು ಸರಿಯಾಗಿ ಕೂರಿಸುವ ಆರ್ಥೋಟಿಸ್ಟುಗಳು ಕಡಿಮೆ. ಕೂರದಿದ್ದರೆ ಚರ್ಮ ತಿನ್ನುತ್ತದೆ. ಅಡ್ಡವಾಗಿಯೂ ಇರುತ್ತದೆ, ಅದನ್ನು ಹಾಕಿಕೊಂಡು ಗಾಲಿಕುರ್ಚಿ ದೂಡಲಾಗದು. ಎಷ್ಟೋ ಜನ ಆರು ತಿಂಗಳು ಬಳಸಿ, ಬರಿಗೈ ಟೆನೊಡೆಸಿಸ್ ಪಳಗಿದ ಮೇಲೆ ಪಕ್ಕಕ್ಕಿಡುತ್ತಾರೆ. ನನಗೆ ಅದರಲ್ಲಿ ಬೇಸರವಿಲ್ಲ. ಗಾಲಿಕುರ್ಚಿಗೆ ಬೇಕಾದದ್ದು ಬೇರೆಯೇ ಗವಸು, ಅಂಗೈಗೆ ಒರಟು ರಬ್ಬರ್ ಇರುವಂಥದು. ದೂಡುವ ಬಳೆಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದರೆ ಇನ್ನೂ ಸಲೀಸು.

ಕರೆಂಟಿನ ಪಟ್ಟಿಗಳ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಸಣ್ಣ ವಿದ್ಯುತ್ ಹರಿಸಿ ಬೆರಳು ಮಡಚಿಸುವುದು. ಅದು ನಿಜವಾದ ವಿದ್ಯೆ, ಮೋಸವಲ್ಲ. ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ಕೆಳಗಿನ ತಂತಿ ಉಳಿದಿದ್ದರೆ ಮಾತ್ರ ಫಲ, ಅದನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸಬಹುದು. ಸ್ಪರ್ಶ ಗೊತ್ತಾಗದ ಚರ್ಮದ ಮೇಲೆ ಪ್ಯಾಡ್ ಒಣಗಿದ್ದರೆ ಸುಡುತ್ತದೆ. ಒಳಗೇ ಕೂರಿಸುವ ಫ್ರೀಹ್ಯಾಂಡ್ ಎಂಬ ಸಾಧನಕ್ಕೆ ಅಮೆರಿಕದಲ್ಲಿ 1997ರಲ್ಲಿ ಮಂಜೂರಾತಿ ಸಿಕ್ಕಿತ್ತು, ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಲಾಭವಿಲ್ಲವೆಂದು ಕೆಲವೇ ವರ್ಷದಲ್ಲಿ ಕಂಪನಿ ಅದನ್ನು ನಿಲ್ಲಿಸಿತು, ಹಾಕಿಸಿಕೊಂಡವರ ಮೈಯೊಳಗೆ ಸಾಧನ ಉಳಿಯಿತು. 2024ರ ಕೊನೆಯಲ್ಲಿ ಅಲ್ಲಿಯೇ ಕುತ್ತಿಗೆಯ ಚರ್ಮದ ಮೇಲಿಂದ ಬೆನ್ನುಹುರಿಗೆ ವಿದ್ಯುತ್ ಕೊಡುವ ಇನ್ನೊಂದು ಸಾಧನಕ್ಕೆ ಒಪ್ಪಿಗೆ ಸಿಕ್ಕಿದೆ. ಅದು ಅಪೂರ್ಣ ಗಾಯದವರಿಗೆ, ಅಂದರೆ ಗಾಯದ ಕೆಳಗೂ ಸ್ವಲ್ಪ ಅಪ್ಪಣೆಯೋ ಸ್ಪರ್ಶವೋ ಉಳಿದವರಿಗೆ, ಕಠಿಣ ತರಬೇತಿಯ ಜೊತೆಗೆ. ‘ಕಂಪ್ಲೀಟ್’ ಎಂದಿರುವ ಚೀಟಿಗೆ ಅದು ಅನ್ವಯಿಸದು.

ಈಗ ಆ 18,000ದ ವಿಷಯ. ಅದನ್ನು ಒಬ್ಬ ಕೈ ಶಸ್ತ್ರಚಿಕಿತ್ಸಕರ ಹತ್ತಿರ ಹೋಗಿಬರಲು ಖರ್ಚು ಮಾಡಿ, ಬೇಗ ಮಾಡಿ. ಕೆಲಸ ಮಾಡುವ ಸ್ನಾಯುವಿನ ಹಗ್ಗವನ್ನು ಕೆಲಸ ಮಾಡದ ಬೆರಳಿನ ಹಗ್ಗಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ. ಮೊಣಕೈ ಮಡಚಲು ಇರುವ ಸ್ನಾಯುಗಳಲ್ಲಿ ಒಂದನ್ನು ಹೆಬ್ಬೆರಳಿಗೆ ಕೊಟ್ಟರೂ ಮೊಣಕೈ ಮಡಚುವುದು ನಿಲ್ಲುವುದಿಲ್ಲ. ಸ್ವೀಡನ್ನಿನ ಎರಿಕ್ ಮೊಬರ್ಗ್ 1970ರ ದಶಕದಲ್ಲಿ ಬೆನ್ನುಹುರಿ ಗಾಯದವರಿಗೆ ಇದನ್ನು ರೂಢಿಗೆ ತಂದರು. ಅದಕ್ಕೂ ಮೊದಲೇ, 1940ರ ದಶಕದ ಕೊನೆಯಲ್ಲಿ, ನಮ್ಮ ಪಕ್ಕದ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಕುಷ್ಠದಿಂದ ಬೆರಳು ಮಡಚಿಹೋದವರಿಗೆ ಹಗ್ಗ ಬದಲಿಸಿ ಕೈ ಕೊಟ್ಟಿದ್ದರು. ಈಚೆಗೆ ತಂತಿಯನ್ನೇ, ಅಂದರೆ ಉಳಿದ ನರದ ಒಂದು ಕವಲನ್ನೇ ಬೆರಳಿನ ನರಕ್ಕೆ ಜೋಡಿಸುವುದೂ ಬಂದಿದೆ. ಹಗ್ಗ ಬದಲಿಸಲು ಅವಸರವಿಲ್ಲ, ಸಾಮಾನ್ಯವಾಗಿ ಒಂದು ವರ್ಷ ಕಾದು, ತಾನಾಗಿ ಬರುವುದೆಲ್ಲ ಬಂದ ಮೇಲೇ ಮಾಡುತ್ತಾರೆ. ತಂತಿ ಜೋಡಣೆಗೆ ಮಾತ್ರ ಕೆಲವು ಸ್ನಾಯುಗಳ ಮಟ್ಟಿಗೆ ಗಡುವಿದೆ. ಗಾಯದ ಜಾಗದಲ್ಲೇ ತಂತಿ ಕಳೆದುಕೊಂಡ ಸ್ನಾಯು ತಡವಾದಷ್ಟೂ ಒಣಗುತ್ತದೆ, ಸುಮಾರು ಒಂದು ವರ್ಷದೊಳಗೆ ಮಾಡಿದರೆ ಒಳ್ಳೆಯದು. ನಿಮಗೆ ಹತ್ತು ತಿಂಗಳಾಗಿದೆ. ನನ್ನ ಅವಸರ ಅದಕ್ಕೇ.

ಶಸ್ತ್ರಚಿಕಿತ್ಸೆ ಎಂದರೆ ಹೂವಿನ ದಾರಿಯಲ್ಲ. ಕೆಲವು ವಾರ ಕೈ ಕಟ್ಟಿಹಾಕಿರುತ್ತಾರೆ, ಆ ಹೊತ್ತಿನಲ್ಲಿ ಈಗ ಮಾಡಿಕೊಳ್ಳುತ್ತಿರುವ ಅಷ್ಟಿಷ್ಟಕ್ಕೂ ಇನ್ನೊಬ್ಬರು ಬೇಕು. ನಂತರ ತಿಂಗಳುಗಟ್ಟಲೆ ತರಬೇತಿ, ಮೊಣಕೈ ಮಡಚುತ್ತಿದ್ದ ಸ್ನಾಯುವಿಗೆ ‘ನೀನೀಗ ಹೆಬ್ಬೆರಳು’ ಎಂದು ಕಲಿಸುವುದು. ಜೋಡಿಸಿದ ಹಗ್ಗ ಹಿಗ್ಗಬಹುದು, ಸೋಂಕಾಗಬಹುದು. ನರ ಜೋಡಣೆಯ ಫಲ ಕಾಣಲು ಒಂದು ವರ್ಷವೂ ಹಿಡಿದೀತು, ಕೆಲವರಿಗೆ ಫಲ ಬರದೆಯೂ ಇರಬಹುದು. ಎಲ್ಲರಿಗೂ ಹೊಂದುವುದಿಲ್ಲ, ಕೈ ನೋಡಿದವರೇ ಹೇಳಬೇಕು. ಆದರೆ ಕೇಳದೆ ಗಡುವು ದಾಟಿಸಿಕೊಂಡವರು ಆಮೇಲೆ ಬಂದು ಕೂತಾಗ ನನ್ನ ಹತ್ತಿರ ಉತ್ತರವಿರುವುದಿಲ್ಲ. ಕೈಯ ಕೀಲುಗಳು ಮೆತ್ತಗಿದ್ದರೆ ಮಾತ್ರ ಈ ದಾರಿ ತೆರೆದಿರುತ್ತದೆ ಎಂಬುದೂ ನೆನಪಿರಲಿ.

‘ಕೈ ಸೋಮಾರಿಯಾಗುತ್ತದೆ’ ಎಂಬ ಮಾತು ಎಲ್ಲರಿಗೂ ಒಂದೇ ಅಲ್ಲ. ಸ್ಟ್ರೋಕ್ ಆದವರಲ್ಲಿ ಬರಬೇಕಾದ ಚಲನೆಗೆ ಅಡ್ಡವಾಗಿ ಇಡೀ ದಿನ ಗಟ್ಟಿ ಸ್ಪ್ಲಿಂಟ್ ಕಟ್ಟಿಟ್ಟರೆ ಅದರಲ್ಲಿ ಸ್ವಲ್ಪ ನಿಜವಿದೆ. ನಿಮ್ಮ ತಮ್ಮನ ವಿಷಯದಲ್ಲಿ ತಿರುಗಾಮುರುಗ. ಅಂಗೈ ಪಟ್ಟಿ ಕಟ್ಟಿ ದಿನಕ್ಕೆ ಹತ್ತು ಸಲ ಬ್ರಷ್ಷೋ ಪೆನ್ನೋ ಆಡಿಸಿದರೆ ಮಣಿಕಟ್ಟಿಗೂ ಭುಜಕ್ಕೂ ಕೆಲಸ ಸಿಗುತ್ತದೆ. ಪಕ್ಕದಲ್ಲಿ ಕೂತು ತುತ್ತು ಕೊಡುವ ಮನೆಯವರಿರುವಾಗ ಕೈ ಸೋಮಾರಿಯಾಗಲು ಸಾಧನವೇ ಬೇಕಿಲ್ಲ.

ಜಾಗ್ರತೆಯ ಮಾತು ಎರಡು, ಇವನ್ನು ಮರೆಯುವ ಹಾಗಿಲ್ಲ. ಸಿ6ರವರಿಗೆ ಹೆಬ್ಬೆರಳಿನ ಕಡೆ ಸ್ಪರ್ಶ ಇರುತ್ತದೆ, ಕಿರುಬೆರಳಿನ ಕಡೆ ಇರುವುದಿಲ್ಲ. ಬಿಸಿ ಕಾಫಿಯ ಸ್ಟೀಲ್ ಲೋಟವನ್ನು ಎರಡು ಅಂಗೈಯಲ್ಲಿ ಹಿಡಿದು ಹಾಯಾಗಿ ಕುಡಿದು, ಸಂಜೆ ಗುಳ್ಳೆ ಎದ್ದ ಮೇಲೆ ಗೊತ್ತಾದವರಿದ್ದಾರೆ. ಹಿಡಿ ಇರುವ ದೊಡ್ಡ ಮಗ್ ಕೊಡಿ, ನಾಲ್ಕು ಬೆರಳು ಹಿಡಿಯೊಳಗೆ ತೂರಲಿ. ಹೊಸ ಸ್ಪ್ಲಿಂಟ್, ಪಟ್ಟಿ ಏನೇ ಹಾಕಿದರೂ ಮೊದಲ ದಿನ ಇಪ್ಪತ್ತು ನಿಮಿಷಕ್ಕೆ ತೆಗೆದು ನೋಡಿ. ಕೆಂಪಾಗಿದ್ದು ಅರ್ಧ ಗಂಟೆಯಲ್ಲಿ ಮಾಯದಿದ್ದರೆ ಆ ಜಾಗ ತಿದ್ದಿಸುವವರೆಗೆ ಹಾಕಬೇಡಿ. ಎರಡನೆಯದು ಇನ್ನೂ ಮುಖ್ಯ. ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ, ಬೆವರತೊಡಗಿದರೆ ಅದನ್ನು ಪಿತ್ತ ಎಂದು ಸುಮ್ಮನಿರಬೇಡಿ. ಅದು ಅಟಾನಾಮಿಕ್ ಡಿಸ್‌ರಿಫ್ಲೆಕ್ಸಿಯಾ, ಅಂದರೆ ಬಿಪಿ ಅಪಾಯದ ಮಟ್ಟಕ್ಕೆ ಏರಿಬಿಡುವ ಸ್ಥಿತಿ ಇರಬಹುದು. ಕೆಳಗೆಲ್ಲೋ ಏನೋ ಒತ್ತುತ್ತಿದೆ ಎಂದು ಮೈ ಕೂಗುವ ರೀತಿ. ಕೂಡಲೇ ಎಬ್ಬಿಸಿ ಕೂರಿಸಿ, ಬಿಗಿಯಾದದ್ದೆಲ್ಲ ಬಿಚ್ಚಿ, ಸ್ಪ್ಲಿಂಟ್ ಕೂಡ, ಮೂತ್ರದ ನಳಿಕೆ ಮಡಚಿದೆಯೇ, ಚೀಲ ತುಂಬಿದೆಯೇ ನೋಡಿ. ಇಳಿಯದಿದ್ದರೆ ಆಸ್ಪತ್ರೆ. ಅವರ ಮಾಮೂಲಿ ಬಿಪಿಯೇ 90–100ರ ಹತ್ತಿರ ಇರುವುದರಿಂದ 140 ಎಂದರೆ ಅವರಿಗೆ ಹೆಚ್ಚು, ಇದನ್ನು ಡ್ಯೂಟಿಯಲ್ಲಿರುವ ವೈದ್ಯರಿಗೂ ನೀವೇ ಹೇಳಬೇಕಾದೀತು.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನ ವಿಭಾಗವಿದೆ. ವೆಲ್ಲೂರಿನ ಸಿಎಂಸಿಯ ಪುನಶ್ಚೇತನ ಕೇಂದ್ರ 1966ರಿಂದ ಇದೆ, ಅದನ್ನು ಕಟ್ಟಿದ ಡಾ. ಮೇರಿ ವರ್ಗೀಸ್ ಸ್ವತಃ ಬೆನ್ನುಹುರಿ ಗಾಯದಿಂದ ಗಾಲಿಕುರ್ಚಿಯಲ್ಲಿದ್ದವರು. ನಿಮಗೆ ಹತ್ತಿರದಲ್ಲಿ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಬಳಿ ಸೌತಡ್ಕದಲ್ಲಿ ಬೆನ್ನುಹುರಿ ಗಾಯದವರಿಗಾಗಿಯೇ ಸೇವಾಧಾಮ ಇದೆ. ತೋಟದ ಊರುಗಳ ಕಷ್ಟ ಅಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಸರ್ಕಾರದ ಶಿಬಿರದಲ್ಲಿ ಗಾಲಿಕುರ್ಚಿ ಸಿಕ್ಕೀತು, ಆದರೆ ಕೈ ಸ್ಪ್ಲಿಂಟ್ ಮಾತ್ರ ಆ ಕೈಯನ್ನೇ ಅಳೆದು ಮಾಡಬೇಕು. ಕೊರಿಯರಿನಲ್ಲಿ ಬರುವ ಫ್ರೀ ಸೈಜ್ ಯಾವುದನ್ನೂ ನಂಬಬೇಡಿ.

ಕೊನೆಗೆ ಊಟ. ‘ಚಮಚ ಬೇಡ’ ಎನ್ನುವ ಹಠ ನನಗೆ ಇಷ್ಟವಾಯಿತು. ಅನ್ನ ಸಾರಿನಿಂದ ಶುರುಮಾಡಬೇಡಿ, ಅದು ಎಲ್ಲಕ್ಕಿಂತ ಕಷ್ಟದ್ದು, ಸಂದಿಯಿಂದ ಜಾರುತ್ತದೆ, ಮೊದಲ ದಿನವೇ ಬೇಸರ ಬರಿಸುತ್ತದೆ. ನಿಮ್ಮ ಕಡೆಯ ಕಡುಬಿನಿಂದ ಶುರುಮಾಡಿ. ತಣಿದ ಕಡುಬನ್ನು ಬೆರಳುದ್ದದ ತುಂಡು ಮಾಡಿ, ಅಂಚು ಎತ್ತರವಿರುವ ತಟ್ಟೆಯಲ್ಲಿಟ್ಟು, ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸಿ. ಮಣಿಕಟ್ಟು ಇಳಿಸಿ ಬೆರಳು ಬಿಚ್ಚಿಕೊಂಡಾಗ ಕೈಯನ್ನು ತುಂಡಿನ ಮೇಲೆ ತರಲಿ, ಹೆಬ್ಬೆರಳು ಒಂದು ಪಕ್ಕ, ತೋರುಬೆರಳು ಇನ್ನೊಂದು ಪಕ್ಕ. ಮಣಿಕಟ್ಟು ಎತ್ತಲಿ. ಹಿಡಿತ ಬಿದ್ದ ಮೇಲೆ ಮಣಿಕಟ್ಟನ್ನು ಹಾಗೇ ಎತ್ತಿಟ್ಟುಕೊಂಡು ಬಾಯಿಗೆ. ಆಮೇಲೆ ಇಡ್ಲಿ, ಅದಾದ ಮೇಲೆ ನೀವು ಹರಿದುಕೊಟ್ಟ ಅಕ್ಕಿ ರೊಟ್ಟಿ. ಮೊದಲ ವಾರ ಅರ್ಧದಷ್ಟು ಮಡಿಲಿಗೇ ಬೀಳುತ್ತದೆ, ಹಳೆಯ ಟವೆಲ್ ಹಾಸಿ. ಅಮ್ಮ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿರಲಿ.